ಸಮಗತಿ ಹಾರಾಟದಲ್ಲಿ ಜೆಟ್ ಎಂಜಿನಿನ ಶಬ್ದ

ಜೆಟ್ ವಿಮಾನಗಳ ಶಬ್ದವನ್ನು ಕುರಿತು ಕಳೆದ ಏಳು ದಶಕಗಳಲ್ಲಿ ನಡೆದಿರುವ ಸಂಶೋಧನೆಯ ಬಹುಭಾಗ ನೆಲದ ಮೇಲಿರುವವರ ಹಿತವನ್ನು ಉದ್ದೇಶಿಸಿದುದು. ವಿಮಾನ ನಿಲ್ದಾಣಗಳ ನೆರೆಹೊರೆಯ ಜನ ದೂರಿಕೊಂಡರು. ಅದರ ಫಲವಾಗಿ ಕಟ್ಟಳೆಗಳು ಹುಟ್ಟಿದುವು. ಅಮೆರಿಕ ಸಂಯುಕ್ತ ಸಂಸ್ಥಾನವು 1969ರಲ್ಲಿಯೂ, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1971ರಲ್ಲಿಯೂ ಹೊಸ ವಿಮಾನಗಳ ಶಬ್ದಕ್ಕೆ ಮಿತಿಗಳನ್ನು ಗೊತ್ತುಮಾಡಿದುವು. ಈ ಮಿತಿಗಳನ್ನು ಪರೀಕ್ಷಿಸುವುದು ಮೂರು ಕಡೆಗಳಲ್ಲಿ: ಓಟದ ಹಾದಿಯ ಪಕ್ಕದಲ್ಲಿ, ಮೇಲೇರುವ ವಿಮಾನದ ಕೆಳಗೆ, ಇಳಿಯುವ ವಿಮಾನದ ಕೆಳಗೆ. ಮೂರೂ ನೆಲದ ಮೇಲಿನ ಸ್ಥಾನಗಳೇ. ಆದರೆ ಎಂಟು ಗಂಟೆಗಳ ಪ್ರಯಾಣದಲ್ಲಿ ಏಳು ಗಂಟೆಗಳಿಗೂ ಮಿಕ್ಕ ಕಾಲ ವಿಮಾನವು ಹತ್ತು ಹನ್ನೊಂದು ಕಿಲೋಮೀಟರುಗಳ ಎತ್ತರದಲ್ಲಿ, ಹೆಚ್ಚುಕಡಿಮೆ ಒಂದೇ ವೇಗದಿಂದ ಸಾಗುತ್ತಿರುತ್ತದೆ. ವೈಮಾನಿಕರು ಕ್ರೂಯಿಸ್ ಎಂದು ಕರೆಯುವ ಈ ಅವಸ್ಥೆಯನ್ನು ಇಲ್ಲಿ 'ಸಮಗತಿ ಹಾರಾಟ' ಎಂದು ಹೆಸರಿಸಿಕೊಳ್ಳೋಣ. ಆ ಗಂಟೆಗಳಲ್ಲಿ ವಿಮಾನದೊಳಗಿರುವ ಪ್ರಯಾಣಿಕರಿಗೂ, ಅವರಿಗಿಂತ ಹೆಚ್ಚಾಗಿ ವರ್ಷಾಂತರ ಅದರಲ್ಲಿಯೇ ದುಡಿಯುವ ಪರಿಚಾರಕರಿಗೂ ತಟ್ಟುವ ಶಬ್ದವನ್ನು ಮೇಲಿನ ಕಟ್ಟಳೆ ಯಾವುದೂ ಮುಟ್ಟುವುದಿಲ್ಲ. ಅದು ವಿಮಾನ ತಯಾರಿಸುವವರಿಗೂ ಕೊಳ್ಳುವವರಿಗೂ ನಡುವಣ ಒಪ್ಪಂದದ ವಿಷಯವಾಗಿಯೇ ಉಳಿದಿದೆ.

ನೆಲದ ಮೇಲೆ ಎಂಜಿನನ್ನು ಮೆದುವಾಗಿಸಿದರೆ ಆಕಾಶದಲ್ಲಿಯೂ ಅದು ತಾನಾಗಿಯೇ ಮೆದುವಾಗುವುದೆಂದು ಭಾವಿಸುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ಸಮಗತಿ ಹಾರಾಟದಲ್ಲಿ ಶಬ್ದದ ಹುಟ್ಟು ಬೇರೆ, ಅದು ಕಿವಿಗೆ ಬರುವ ಹಾದಿ ಬೇರೆ. ಅದರ ಒಂದು ಮುಖ್ಯ ಕಾರಣವಂತೂ ವಿಮಾನದ ವೇಗವೇ ಆಗಿದೆ. ಇದನ್ನು ಕಾಲೇಜಿನ ಭೌತವಿಜ್ಞಾನದಷ್ಟರಿಂದಲೇ ಲೆಕ್ಕ ಹಾಕಿ ನೋಡಬಹುದು.

ಮೊದಲು ನೆಲದ ಮೇಲಿನ ಶಬ್ದವನ್ನು ಸಂಕ್ಷೇಪವಾಗಿ ನೋಡೋಣ. ಗಂಟೆ, ತಂತಿ, ಮದ್ದಳೆಗಳಲ್ಲಿ ಘನವಸ್ತುವೊಂದು ಕಂಪಿಸಿ ಗಾಳಿಯನ್ನು ಅಲುಗಿಸುತ್ತದೆ. ಎಂಜಿನಿನ ಮೂತಿಯಿಂದ ಹೊರಬೀಳುವ ಅನಿಲಧಾರೆಯಲ್ಲಿ ಹಾಗೆ ಕಂಪಿಸುವ ವಸ್ತುವಿಲ್ಲ. ವೇಗದ ಧಾರೆಯು ಸುತ್ತಣ ನಿಂತ ಗಾಳಿಯೊಡನೆ ಬೆರೆಯುವಾಗ ಏಳುವ ಸುಳಿಗಳೇ ಶಬ್ದಕ್ಕೆ ಮೂಲ. ಇದನ್ನು ಗಣಿತದ ಹಿಡಿತಕ್ಕೆ ತಂದವರು ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿದ್ದ ಜೇಮ್ಸ್ ಲೈಟ್‌ಹಿಲ್. 1952ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ ಧಾರೆಯಿಂದ ಹೊರಡುವ ಶಬ್ದಶಕ್ತಿಯು ಧಾರೆಯ ವೇಗದ ಎಂಟನೆಯ ಘಾತಕ್ಕೆ ಅನುಗುಣವಾದುದು. ವೇಗವನ್ನು ಅರ್ಧಕ್ಕೆ ಇಳಿಸಿದರೆ ಶಬ್ದಶಕ್ತಿ 256ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ! ನಿಸರ್ಗದ ನಿಯಮಗಳಲ್ಲಿ ಇಷ್ಟು ದೊಡ್ಡ ಘಾತ ಕಾಣಸಿಗುವುದು ಅಪರೂಪ.

ಎಂಜಿನಿನ ನೂಕುಬಲವಾದರೋ ವೇಗದ ವರ್ಗಕ್ಕೂ ಮೂತಿಯ ವಿಸ್ತೀರ್ಣಕ್ಕೂ ಅನುಗುಣವಾದುದು. ಆದುದರಿಂದ ವೇಗವನ್ನು ಅರ್ಧಮಾಡಿ ವಿಸ್ತೀರ್ಣವನ್ನು ನಾಲ್ಕುಪಟ್ಟು ಮಾಡಿದರೆ ನೂಕುಬಲ ಮೊದಲಿನಷ್ಟೇ ಇದ್ದು ಶಬ್ದಶಕ್ತಿ ಮಾತ್ರ 64ರಲ್ಲಿ ಒಂದು ಪಾಲಾಗುತ್ತದೆ. ಎಂದರೆ 18 ಡೆಸಿಬೆಲ್‌ಗಳ ಇಳಿತ. ಸ್ವಲ್ಪ ಗಾಳಿಯನ್ನು ಬಹುವೇಗದಿಂದ ಎಸೆಯುವುದರ ಬದಲು ಬಹಳ ಗಾಳಿಯನ್ನು ಮಂದವೇಗದಿಂದ ನೂಕುವ ಬೈಪಾಸ್ ಎಂಜಿನಿನ ಗುಟ್ಟು ಇದೇ. ಮುಂದಿನ ದೊಡ್ಡ ಫ್ಯಾನ್ ಸೆಳೆದುಕೊಂಡ ಗಾಳಿಯಲ್ಲಿ ಒಂದಂಶ ಮಾತ್ರ ದಹನಕೋಷ್ಠಕ್ಕೆ ಹೋಗುತ್ತದೆ. ಉಳಿದದ್ದು ಬಳಸುದಾರಿಯಲ್ಲಿ ಹಿಂದಕ್ಕೆ ಹೊರಟುಹೋಗುತ್ತದೆ. ಬಳಸಿ ಹೋದ ಗಾಳಿಗೂ ಒಳಹೊಕ್ಕ ಗಾಳಿಗೂ ಇರುವ ಅನುಪಾತವೇ ಬೈಪಾಸ್ ಅನುಪಾತ. ಏರ್ ಇಂಡಿಯಾ ಸಂಸ್ಥೆಯು 1960ರಲ್ಲಿ ತರಿಸಿಕೊಂಡ ಬೋಯಿಂಗ್ 707 ವಿಮಾನಗಳಲ್ಲಿದ್ದ ರೋಲ್ಸ್‌ರಾಯ್ಸ್ ಕಾನ್ವೇ, ಪ್ರಯಾಣಿಕ ವಿಮಾನಗಳ ಬೈಪಾಸ್ ಎಂಜಿನುಗಳಲ್ಲಿ ಮೊದಲನೆಯದು. ಅದರ ಅನುಪಾತ ಸುಮಾರು 0.3 ಮಾತ್ರ. 1970ರಲ್ಲಿ ಸೇವೆಗೆ ಬಂದ ಬೋಯಿಂಗ್ 747ರಲ್ಲಿ ಅದು 5ರ ಆಸುಪಾಸಿಗೆ ಏರಿತು. ಈಚಿನ ಎಂಜಿನುಗಳಲ್ಲಿ 12ರವರೆಗೂ ಹೋಗಿದೆ. ಇಂಧನದ ಉಳಿತಾಯಕ್ಕಾಗಿ ಹಿಡಿದ ಈ ದಾರಿ ಶಬ್ದವನ್ನೂ ತಗ್ಗಿಸಿದ್ದು ಒಂದು ಭಾಗ್ಯವೆನ್ನಬೇಕು. ತಂತ್ರವಿದ್ಯೆಯಲ್ಲಿ ಎರಡು ಗುಣಗಳು ಹೀಗೆ ಒಂದೇ ಕಡೆಗೆ ಎಳೆಯುವುದು ವಿರಳ.

ಈಗ ಮೇಲಕ್ಕೆ ಹೋಗೋಣ. ಹನ್ನೊಂದು ಕಿಲೋಮೀಟರುಗಳ ಎತ್ತರದಲ್ಲಿ ಪ್ರಮಾಣ ವಾಯುಮಂಡಲದ ಉಷ್ಣತೆ ಸೊನ್ನೆಗಿಂತ 56.5 ಡಿಗ್ರಿ ಸೆಲ್ಸಿಯಸ್ ಕೆಳಗೆ. ಒತ್ತಡವು ಸಮುದ್ರಮಟ್ಟದಲ್ಲಿರುವುದರ ನಾಲ್ಕನೆಯ ಒಂದಕ್ಕಿಂತಲೂ ಕಡಿಮೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 295 ಮೀಟರು. ವಿಮಾನವು ಶಬ್ದವೇಗದ 0.85ರಷ್ಟು ವೇಗದಲ್ಲಿ, ಅಂದರೆ 0.85 ಮಾಕ್ ಸಂಖ್ಯೆಯಲ್ಲಿ, ಸೆಕೆಂಡಿಗೆ ಸುಮಾರು 250 ಮೀಟರುಗಳಂತೆ ಹಾರುತ್ತಿದೆಯೆಂದು ಇಟ್ಟುಕೊಳ್ಳೋಣ. ಫ್ಯಾನಿನ ಧಾರೆ ಮೂತಿಯಿಂದ ಸೆಕೆಂಡಿಗೆ ಸುಮಾರು 350 ಮೀಟರುಗಳ ವೇಗದಿಂದ ಹೊರಡುತ್ತದೆ. ಆದರೆ ಸುತ್ತಣ ಗಾಳಿಯೂ ವಿಮಾನದ ದೃಷ್ಟಿಯಿಂದ 250 ಮೀಟರುಗಳ ವೇಗದಲ್ಲಿ ಹಿಂದಕ್ಕೆ ಓಡುತ್ತಿದೆ. ಎರಡರ ನಡುವಣ ವ್ಯತ್ಯಾಸ 100 ಮೀಟರು ಮಾತ್ರ. ಅದೇ ಎಂಜಿನಿಗೆ ನೆಲದಿಂದ ಏಳುವ ಹೊತ್ತಿನಲ್ಲಿ ಈ ವ್ಯತ್ಯಾಸ 200 ಮೀಟರುಗಳಷ್ಟಿರುತ್ತದೆ. ಸುಳಿಗಳ ರಭಸವನ್ನು ನಿರ್ಣಯಿಸುವುದು ಈ ವ್ಯತ್ಯಾಸವೇ ಆದುದರಿಂದ ಮಿಶ್ರಣದ ಶಬ್ದ ಬಹಳ ಕುಗ್ಗುತ್ತದೆ. ಗಾಳಿ ತೆಳುವಾಗಿರುವುದರಿಂದ ಮತ್ತಷ್ಟು ಕುಗ್ಗುತ್ತದೆ. ಈ ಲೆಕ್ಕದಿಂದ ಸಮಗತಿ ಹಾರಾಟದಲ್ಲಿ ಎಂಜಿನಿನ ಧಾರೆ ಬಹುಮಟ್ಟಿಗೆ ಮೌನವಾಗಿರಬೇಕಾಗಿತ್ತು. ಆದರೂ ರೆಕ್ಕೆಯ ಕೆಳಗೆ ಎಂಜಿನುಗಳಿರುವ ವಿಮಾನದಲ್ಲಿ ಹಿಂದಿನ ಸಾಲುಗಳಲ್ಲಿ ಕುಳಿತವರು, ಮುಂದಿನವರಿಗಿಂತ ಹೆಚ್ಚಾದ ಒಂದು ಭೋರ್ಗರೆತವನ್ನು ದಾರಿಯುದ್ದಕ್ಕೂ ಕೇಳುತ್ತಾರೆ. ಅದು ಎಲ್ಲಿಂದ ಬಂತು?

ಇದಕ್ಕೆ ಉತ್ತರ ಮೂತಿಯಲ್ಲಿನ ಒತ್ತಡದಲ್ಲಿದೆ. ಕಿರಿದಾಗುತ್ತ ಹೋಗುವ ಮೂತಿಯ ಒಳಗಿನ ಒಟ್ಟು ಒತ್ತಡವು ಹೊರಗಿನ ಒತ್ತಡದ 1.89ರಷ್ಟಾದಾಗ ಮೂತಿಯ ಬಾಯಲ್ಲಿ ಗಾಳಿಯ ವೇಗ ಶಬ್ದವೇಗಕ್ಕೆ ಸಮವಾಗುತ್ತದೆ. ಒತ್ತಡವನ್ನು ಇನ್ನೂ ಏರಿಸಿದರೆ ಬಾಯಲ್ಲಿ ವೇಗ ಅದಕ್ಕಿಂತ ಹೆಚ್ಚಲಾರದು. ಮೂತಿ 'ಕಟ್ಟಿಕೊಂಡಿತು' ಎನ್ನುತ್ತಾರೆ. ಮಿಕ್ಕ ಒತ್ತಡ ಧಾರೆಯೊಡನೆಯೇ ಹೊರಬರುತ್ತದೆ. ಈಗ ಫ್ಯಾನ್ ತನ್ನೊಳಕ್ಕೆ ಬಂದ ಗಾಳಿಯ ಒತ್ತಡವನ್ನು ಒಂದೂವರೆ ಪಟ್ಟು ಮಾಡುತ್ತದೆ ಎಂದು ಭಾವಿಸಿ. ವಿಮಾನ ನೆಲ ಬಿಡುವಾಗ ಮೂತಿಯ ಅನುಪಾತ 1.57ರ ಸುಮಾರು, 1.89ಕ್ಕೆ ಎಷ್ಟೋ ಕೆಳಗೆ. ಅಲ್ಲಿ ತೊಂದರೆಯಿಲ್ಲ. ಆದರೆ ವೇಗವಾಗಿ ಹಾರುವ ವಿಮಾನದ ಎಂಜಿನಿನೊಳಕ್ಕೆ ಗಾಳಿ ನುಗ್ಗಿ ತಡೆಯಲ್ಪಟ್ಟಾಗ ಅದರ ಒತ್ತಡ ಫ್ಯಾನನ್ನು ಮುಟ್ಟುವ ಮೊದಲೇ ಏರಿರುತ್ತದೆ. ಮಾಕ್ ಸಂಖ್ಯೆಯ ವರ್ಗದ ಐದನೆಯ ಒಂದಂಶಕ್ಕೆ 1ನ್ನು ಕೂಡಿಸಿ, ಬಂದುದನ್ನು 3.5ರ ಘಾತಕ್ಕೆ ಏರಿಸಿದರೆ ಈ ಏರಿಕೆಯ ಪ್ರಮಾಣ ಸಿಗುತ್ತದೆ. 0.85 ಮಾಕ್ ಸಂಖ್ಯೆಗೆ ಅದು 1.60. ಇದನ್ನು ಫ್ಯಾನಿನ 1.5ರಿಂದ ಗುಣಿಸಿದರೆ 2.4. ಹಾದಿಯಲ್ಲಿನ ಅಲ್ಪಸ್ವಲ್ಪ ನಷ್ಟಗಳನ್ನು ಬಿಟ್ಟುಬಿಟ್ಟಿದ್ದೇವೆ. ಅವುಗಳನ್ನು ಸೇರಿಸಿದರೂ ನಿರ್ಣಯ ಬದಲಾಗುವುದಿಲ್ಲ. ನೆಲದ ಬಳಿ ತೆರೆದ ಬಾಯಿಯಂತಿದ್ದ ಮೂತಿ ಸಮಗತಿ ಹಾರಾಟದಲ್ಲಿ ಚೆನ್ನಾಗಿ ಕಟ್ಟಿಕೊಂಡಿದೆ. ಅದನ್ನು ಕಟ್ಟಿಕೊಳ್ಳುವಂತೆ ಮಾಡಿದ್ದು ವಿಮಾನದ ಓಟವೇ.

ಹೀಗೆ ಹೆಚ್ಚಿನ ಒತ್ತಡದಿಂದ ಹೊರಬಿದ್ದ ಧಾರೆ ಮೂತಿಯನ್ನು ದಾಟಿದೊಡನೆ ಹಿಗ್ಗುತ್ತದೆ. ಹಿಗ್ಗುವುದರಲ್ಲಿ ಅಳತೆ ಮೀರಿ ಅದರ ಒತ್ತಡ ಸುತ್ತಣದಕ್ಕಿಂತ ಕಡಿಮೆಯಾಗುತ್ತದೆ. ಆಗ ಸುತ್ತಣ ಗಾಳಿ ಅದನ್ನು ಮತ್ತೆ ಅದುಮುತ್ತದೆ. ಅದುಮುವಲ್ಲಿ ಆಘಾತ ತರಂಗಗಳು ಏರ್ಪಡುತ್ತವೆ. ಒತ್ತಡ ಪುನಃ ಏರಿ ಹಿಗ್ಗುವಿಕೆ ಮರಳಿ ಮೊದಲಾಗುತ್ತದೆ. ಹೀಗೆ ಧಾರೆಯೊಳಗೆ ಮಣಿಗಳನ್ನು ಪೋಣಿಸಿದಂತೆ ಒಂದರ ಹಿಂದೊಂದು 'ಆಘಾತಕೋಶ'ಗಳು ನಿಲ್ಲುತ್ತವೆ. ರಾಕೆಟ್ಟುಗಳ ಹಾಗೂ ಯುದ್ಧವಿಮಾನಗಳ ಬೆಂಕಿಯ ಬಾಲದಲ್ಲಿ ಸಾಲಾಗಿ ಹೊಳೆಯುವ ವಜ್ರಾಕೃತಿಗಳನ್ನು ಚಿತ್ರಗಳಲ್ಲಿ ನೋಡಿದವರಿಗೆ ಇದು ಹೊಸತಲ್ಲ. ಪ್ರಯಾಣಿಕ ವಿಮಾನದ ಫ್ಯಾನಿನ ಧಾರೆ ತಣ್ಣಗಿರುವುದರಿಂದ ಅಲ್ಲಿ ಅವು ಕಣ್ಣಿಗೆ ಕಾಣಿಸವು.

ಕೋಶಗಳು ನಿಂತೇ ಇದ್ದರೆ ಶಬ್ದವಾಗದು. ಧಾರೆಯ ಅಂಚಿನಲ್ಲಿ ಹುಟ್ಟಿದ ಸುಳಿಗಳು ಹಿಂದಕ್ಕೆ ತೇಲಿಹೋಗುತ್ತ ಒಂದೊಂದು ಕೋಶದ ತುದಿಯನ್ನೂ ತಟ್ಟಿ ಅಲುಗಿಸುತ್ತವೆ. ತಟ್ಟಿದೆಡೆಯಲ್ಲೆಲ್ಲ ಶಬ್ದ ಸಿಡಿಯುತ್ತದೆ. ಕಟ್ಟಿಕೊಂಡ ಧಾರೆಯ ಕೀರಲು ಸ್ವರವನ್ನು 1953ರಲ್ಲಿ ಮೊದಲು ವಿವರಿಸಿದವರು ಅಲನ್ ಪೊವೆಲ್. ಹಿಂದೆ ಹುಟ್ಟಿದ ಶಬ್ದ ಮುಂದಕ್ಕೆ ಬಂದು ಮೂತಿಯ ಅಂಚಿನಲ್ಲಿ ಹೊಸ ಸುಳಿಯನ್ನು ಎಬ್ಬಿಸುತ್ತದೆ, ಆ ಸುಳಿ ಮರಳಿ ಶಬ್ದವನ್ನು ಹುಟ್ಟಿಸುತ್ತದೆ. ಈ ಚಕ್ರ ಒಂದೇ ಕಂಪನಾಂಕದಲ್ಲಿ ತಿರುಗುತ್ತದೆ. ಅಂಥ ಸ್ವರ ಬಲವಾದರೆ ಸಮೀಪದ ಲೋಹದ ತಗಡು ದಣಿದು ಬಿರುಕುಬಿಡುವ ಸಂಭವವೂ ಉಂಟು. ಪ್ರಯಾಣಿಕ ವಿಮಾನಗಳಲ್ಲಿ ಹೆಚ್ಚು ಮುಖ್ಯವಾದದ್ದು ಕೀರಲಲ್ಲದ, ಹಲವು ಕಂಪನಾಂಕಗಳಿಗೆ ಹರಡಿಕೊಂಡ ಮೊರೆತ. 1973ರಲ್ಲಿ ಹಾರ್ಪರ್‌ಬೋರ್ನ್ ಮತ್ತು ಫಿಷರ್ ಎಂಬಿಬ್ಬರು ಇದಕ್ಕೆ ಸರಳವಾದ ಮಾದರಿಯೊಂದನ್ನು ಕೊಟ್ಟರು. ಸಾಲಾಗಿ ನಿಲ್ಲಿಸಿದ ಧ್ವನಿವರ್ಧಕಗಳನ್ನು ಒಬ್ಬನು ಓಡುತ್ತ ಒಂದೊಂದಾಗಿ ಚಾಲೂ ಮಾಡುತ್ತ ಹೋದರೆ ಹೇಗೋ, ಸುಳಿಯೊಂದು ಕೋಶಗಳ ಮೇಲೆ ಹಾಯುವುದು ಹಾಗೆ. ಕೋಶಗಳ ಅಂತರವೂ ಸುಳಿಯ ವೇಗವೂ ಕೇಳುವ ದಿಕ್ಕೂ ಸೇರಿ ಯಾವ ಕಂಪನಾಂಕ ಪ್ರಬಲವಾಗುವುದೆಂಬುದನ್ನು ನಿರ್ಣಯಿಸುತ್ತವೆ. ದೊಡ್ಡ ಫ್ಯಾನಿನ ಎಂಜಿನುಗಳಲ್ಲಿ ಅದು ಕೆಲವು ನೂರು ಹರ್ಟ್ಸ್‌ಗಳಷ್ಟಿರುತ್ತದೆ. ಮಾತಿನ ಸ್ವರಗಳು ಇರುವ ಮೇಳವೂ ಅದೇ ಎಂಬುದು ಪ್ರಯಾಣಿಕರ ದುರದೃಷ್ಟ.

ಇವರು ತೋರಿಸಿಕೊಟ್ಟ ಇನ್ನೊಂದು ನಿಯಮ ಮುಂದೆ ನಮಗೆ ಉಪಯೋಗಕ್ಕೆ ಬರುತ್ತದೆ. ಧಾರೆ ಸುತ್ತಣ ಒತ್ತಡಕ್ಕೆ ಪೂರ್ತಿಯಾಗಿ ಹಿಗ್ಗಿದ್ದರೆ ಎಷ್ಟು ಮಾಕ್ ಸಂಖ್ಯೆಯನ್ನು ಪಡೆಯುತ್ತಿತ್ತೋ ಅದರ ವರ್ಗದಿಂದ 1ನ್ನು ಕಳೆದು, ಬಂದುದನ್ನು ಮತ್ತೊಮ್ಮೆ ವರ್ಗಮಾಡಬೇಕು. ಆಘಾತಕೋಶ ಶಬ್ದದ ತೀವ್ರತೆ ಆ ಮೊತ್ತಕ್ಕೆ ಅನುಗುಣವಾದುದು. ಇಲ್ಲಿ ಲೈಟ್‌ಹಿಲ್ಲರ ಎಂಟನೆಯ ಘಾತದ ಮಾತೇ ಇಲ್ಲ. ಆಳುತ್ತಿರುವುದು ಒತ್ತಡದ ಅನುಪಾತ.

ಶಬ್ದ ಹುಟ್ಟುವುದು ಎಂಜಿನಿನ ಹಿಂದೆ. ಅದು ಒಡಲಿನೊಳಕ್ಕೆ ಹೇಗೆ ಬರುತ್ತದೆ? ಮಿಶ್ರಣದ ಶಬ್ದ ಬಹುವಾಗಿ ಹಿಂದಕ್ಕೆ ಹೋಗುವಂಥದು. ಆಘಾತಕೋಶದ ಶಬ್ದವಾದರೋ ಎಲ್ಲ ದಿಕ್ಕಿಗೂ ಹೊರಡುತ್ತದೆ, ಮುಂದಕ್ಕೂ ಬರುತ್ತದೆ. ಆದರೆ ಅದು ಹಿಂಬಾಲಿಸಬೇಕಾದ ವಿಮಾನ ತಾನೇ ಶಬ್ದವೇಗದ 0.85ರಷ್ಟರಲ್ಲಿ ಓಡುತ್ತಿದೆ, ಆದುದರಿಂದ ವಿಮಾನವನ್ನು ಕುರಿತು ಅದರ ಮುನ್ನಡೆ ಸೆಕೆಂಡಿಗೆ 44 ಮೀಟರು ಮಾತ್ರ. ಹತ್ತು ಮೀಟರು ಮುಂದಿರುವ ಕಿಟಕಿಯನ್ನು ಮುಟ್ಟಲು ನಿಂತ ಗಾಳಿಯಲ್ಲಿ ಅದಕ್ಕೆ ಸೆಕೆಂಡಿನ ನೂರನೆಯ ಮೂರು ಭಾಗ ಸಾಕಾಗುತ್ತಿತ್ತು. ಇಲ್ಲಿ ಕಾಲು ಸೆಕೆಂಡಿನಷ್ಟು ಹಿಡಿಯುತ್ತದೆ. ಪ್ರವಾಹಕ್ಕೆ ಎದುರಾಗಿ ಈಜುವವನ ಹಾಗೆ ತರಂಗಗಳು ಒತ್ತೊತ್ತಾಗಿ, ಬಲಗೂಡಿ, ನಿಧಾನವಾಗಿ ಮುಂದಕ್ಕೆ ತೆವಳುತ್ತವೆ. ರೆಕ್ಕೆಯ ಹಿಂದಣ ಒಡಲಿನ ಗೋಡೆಗೆ ಅವು ತಗಲುವ ಬಲ ಹೆಚ್ಚಾಗಿರುವುದು ಇದರಿಂದಲೇ.

ಎಂಜಿನ್ ಒಂದನ್ನೇ ದೂರುವುದು ನ್ಯಾಯವಲ್ಲ. ವಿಮಾನದ ಚರ್ಮಕ್ಕೆ ಅಂಟಿಕೊಂಡು ಹರಿಯುವ ತೆಳುವಾದ ಕ್ಷುಬ್ಧ ಗಾಳಿಯ ಪದರ, ಎಂದರೆ ಸೀಮಾಸ್ತರ, ಗೋಡೆಯನ್ನು ಎಡೆಬಿಡದೆ ಬಡಿಯುತ್ತಿರುತ್ತದೆ. ಮೇಲೆ ಹೇಳಿದ ಎತ್ತರದಲ್ಲಿ, ವೇಗದಲ್ಲಿ, ಗಾಳಿಯ ಚಲನಜನ್ಯ ಒತ್ತಡ ಸುಮಾರು 11,400 ಪ್ಯಾಸ್ಕಲ್. ಸೀಮಾಸ್ತರದ ಒತ್ತಡದ ಏರಿಳಿತ ಅದರ ಶೇಕಡ ಅರ್ಧಕ್ಕಿಂತ ತುಸು ಹೆಚ್ಚೆಂದು ಹಿಡಿದರೂ ಹೊರಗೋಡೆಯ ಮೇಲೆ 130 ಡೆಸಿಬೆಲ್‌ಗಳಷ್ಟಾಗುತ್ತದೆ. ವಿಮಾನದ ಮುಂಭಾಗದಲ್ಲಿ ಕೇಳಿಬರುವ ಸುಯ್ಯೆಂಬ ಸದ್ದು ಹೆಚ್ಚಾಗಿ ಇದರದು. ಈ ಸ್ತರದ ನಡತೆಯಲ್ಲಿ ಒಂದು ವಿಚಿತ್ರವಿದೆ. ಗೋಡೆಯ ಹತ್ತಿರ ಗಾಳಿಯ ವೇಗ ಕಡಿಮೆಯಾಗಿರುವುದರಿಂದ, ಹಿಂದಿನಿಂದ ಮುಂದಕ್ಕೆ ಬರುವ ಶಬ್ದತರಂಗ ಅಲ್ಲಿ ಬೇಗನೆ ಸಾಗಿ, ತರಂಗದ ಮುಖ ಗೋಡೆಯಿಂದಾಚೆಗೆ ಬಾಗುತ್ತದೆ. ಹೀಗೆ ತಾನೇ ಸದ್ದುಮಾಡುವ ಸ್ತರ ಎಂಜಿನಿನ ಸದ್ದಿಗೆ ಒಂದು ಮಟ್ಟಿಗೆ ಮರೆಯೂ ಆಗುತ್ತದೆ. ಕಂಪನಾಂಕ ಹೆಚ್ಚಿದಷ್ಟೂ ಸ್ತರ ದಪ್ಪವಾದಷ್ಟೂ ಈ ಮರೆ ಬಲವಾದುದು.

ಫ್ಯಾನಿನ ಅಲಗುಗಳ ತುದಿ ಶಬ್ದವೇಗವನ್ನು ಮೀರಿದಾಗ ಒಂದೊಂದು ಅಲಗಿನ ಮುಂದೆಯೂ ಆಘಾತ ತರಂಗವೊಂದು ನಿಲ್ಲುತ್ತದೆ. ಅಲಗುಗಳು ಎಷ್ಟೇ ನಾಜೂಕಾಗಿ ತಯಾರಾದರೂ ಕೂದಲೆಳೆಯಷ್ಟು ಭೇದ ಇದ್ದೇ ಇರುತ್ತದೆ. ಅದರಿಂದ ಗರಗಸ ಎಳೆದಂಥ ಗರಗರ ಸದ್ದು ಹುಟ್ಟುತ್ತದೆ. ಇದು ಮೇಲೇರುವಾಗ ಹೆಚ್ಚು. ಎಂಜಿನಿನ ಮುಂದಣ ಹಾದಿಯ ಗೋಡೆಗೆ ರಂಧ್ರಗಳುಳ್ಳ ತಗಡನ್ನೂ ಅದರ ಹಿಂದೆ ಜೇನುಹಲ್ಲೆಯಂಥ ಕೋಶಗಳನ್ನೂ ಹೊಂದಿಸಿ ಇದನ್ನು ಹೀರಿಕೊಳ್ಳುತ್ತಾರೆ. ಹೆಲ್ಮ್‌ಹೋಲ್ಟ್ಸ್‌ನ ಅನುನಾದಕವೇ ಇಲ್ಲಿಯ ತತ್ತ್ವ. ಕೊಳವೆಗಳಲ್ಲಿ ಶಬ್ದದ ಸಂಚಾರವನ್ನು ಕ್ರಮವಾಗಿ ಕಲಿಯಬಯಸುವ ವಿದ್ಯಾರ್ಥಿಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಲ್. ಮುಂಜಾಲರು 1987ರಲ್ಲಿ ಪ್ರಕಟಿಸಿದ ಗ್ರಂಥವನ್ನು ನೋಡಬಹುದು. ಇನ್ನು ಎಂಜಿನಿನ ತಿರುಗುವ ಭಾಗಗಳ ಅಲ್ಪ ಅಸಮತೋಲ ಲೋಹದ ಮೂಲಕವೇ ಒಡಲಿಗೆ ಬರುತ್ತದೆ. ಎರಡು ಎಂಜಿನುಗಳ ಭ್ರಮಣದಲ್ಲಿ ನಿಮಿಷಕ್ಕೆ 30 ಸುತ್ತುಗಳ ಅಂತರವಿದ್ದರೆ ಎರಡು ಸೆಕೆಂಡಿಗೊಮ್ಮೆ ಏರಿಳಿಯುವ ಗುಂಯ್‌ಗುಡುವಿಕೆ ಕೇಳಿಬರುತ್ತದೆ. ಕಾಲೇಜಿನಲ್ಲಿ ಎರಡು ಶ್ರುತಿಕವೆಗಳಿಂದ ತೋರಿಸುವ ವಿಸ್ಪಂದಗಳಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಇಷ್ಟೆಲ್ಲ ಕಲೆತ ಸದ್ದಿನಲ್ಲಿ ಯಾವುದು ಎಷ್ಟೆಂದು ಬೇರ್ಪಡಿಸುವುದೇ ಈ ಶಾಸ್ತ್ರದ ಕಠಿನವಾದ ಭಾಗ. ನೆಲದ ಮೇಲೆ ಎಂಜಿನನ್ನು ಕಟ್ಟಿ ನಿಲ್ಲಿಸಿ ಓಡಿಸಿದರೆ ಮುನ್ನುಗ್ಗುವ ವೇಗವಿಲ್ಲದ ಕಾರಣ ಫ್ಯಾನಿನ ಮೂತಿ ಕಟ್ಟಿಕೊಳ್ಳುವುದೇ ಇಲ್ಲ. ಅಳೆಯಬೇಕಾದ ಶಬ್ದ ಹುಟ್ಟುವುದೇ ಇಲ್ಲ. ವಾಯುಸುರಂಗದಲ್ಲಾದರೆ ಸುರಂಗದ ಸ್ವಂತ ಗದ್ದಲವೂ ಗೋಡೆಗಳ ಪ್ರತಿಧ್ವನಿಯೂ ಅಡ್ಡಬರುತ್ತವೆ. ಕೊನೆಗೆ ಹಾರಿಯೇ ಅಳೆಯಬೇಕು. ಹೇ ಮತ್ತು ರೋಸ್ ಎಂಬವರು ಹಾರಾಟದಲ್ಲಿ ಕಂಡ ಆಘಾತಕೋಶ ಶಬ್ದವನ್ನು ಕುರಿತು 1970ರಷ್ಟು ಹಿಂದೆಯೇ ಬರೆದಿದ್ದರು. ವೇಗವನ್ನು ಹಾಗೆಯೇ ಇರಿಸಿಕೊಂಡು ಒಂದು ಎಂಜಿನಿನ ಬಲವನ್ನು ಮಾತ್ರ ಬದಲಿಸುವುದು ಒಂದು ಉಪಾಯ: ಬದಲಾದದ್ದು ಎಂಜಿನಿನ ಪಾಲು, ಬದಲಾಗದೆ ನಿಂತದ್ದು ಸೀಮಾಸ್ತರದ ಪಾಲು. ಇದಕ್ಕಿಂತ ಸೊಗಸಾದದ್ದು ಇನ್ನೊಂದು. ಒಡಲಿನ ಹೊರಮೈಯಲ್ಲಿ ಪುಟ್ಟ ಮೈಕ್ರೊಫೋನುಗಳನ್ನು ಸಾಲಾಗಿ ಹೂಳುತ್ತಾರೆ. ಸೀಮಾಸ್ತರದ ಏರಿಳಿತಗಳು ಗಾಳಿಯೊಡನೆ ಮುಂದಿನಿಂದ ಹಿಂದಕ್ಕೆ, ಹಾರಾಟದ ವೇಗದ ಮುಕ್ಕಾಲು ಪಾಲಿನಷ್ಟರಲ್ಲಿ ಓಡುತ್ತವೆ. ಧಾರೆಯ ಶಬ್ದ ಹಿಂದಿನಿಂದ ಮುಂದಕ್ಕೆ ತೆವಳುತ್ತದೆ. ಎರಡು ಮೈಕ್ರೊಫೋನುಗಳ ದಾಖಲೆಗಳನ್ನು ಹೋಲಿಸಿ ಯಾವುದು ಯಾವುದಕ್ಕಿಂತ ಎಷ್ಟು ತಡವಾಯಿತೆಂದು ನೋಡಿದರೆ ಸಾಕು, ಕಲೆತ ಎರಡು ಸದ್ದುಗಳು ಹಾಲು ನೀರಿನಂತೆ ಬೇರಾಗುತ್ತವೆ.

ಪರಿಹಾರಗಳಿಗೆ ಬರೋಣ. ಮೂತಿಯ ಅಂಚನ್ನು ಗರಗಸದ ಹಲ್ಲುಗಳಂತೆ ಕತ್ತರಿಸಿ ಆ ಹಲ್ಲುಗಳನ್ನು ಧಾರೆಯೊಳಕ್ಕೆ ತುಸು ಬಾಗಿಸುವುದು ಒಂದು ವಿಧಾನ. ಷೆವ್ರಾನ್ ಎಂಬುದು ಇವುಗಳ ಹೆಸರು. ಒಂದೊಂದು ಹಲ್ಲೂ ಧಾರೆಯ ಉದ್ದಕ್ಕೆ ತಿರುಗುವ ಸಣ್ಣ ಸುಳಿಗಳನ್ನು ಎಬ್ಬಿಸಿ ಕೋಶಗಳ ಅಚ್ಚುಕಟ್ಟನ್ನು ಕೆಡಿಸುತ್ತದೆ. 2005ರಲ್ಲಿ ಬೋಯಿಂಗ್ ಮತ್ತು ಅದರ ಸಹಭಾಗಿಗಳು ಒಂದು 777 ವಿಮಾನದ ಮೇಲೆ ಅಮೆರಿಕದ ಮೊಂಟಾನಾ ಪ್ರಾಂತದಲ್ಲಿ ನಡೆಸಿದ ಪರೀಕ್ಷೆಗಳಲ್ಲಿ, ಕಾಯಿಸಿದರೆ ಬಾಗುವ, ತಣಿದರೆ ಮೊದಲಿನಂತಾಗುವ ನಿಕ್ಕಲ್–ಟೈಟಾನಿಯಂ ಮಿಶ್ರಲೋಹದ ಪಟ್ಟಿಗಳಿಂದ ಹಲ್ಲುಗಳ ಬಾಗನ್ನು ಹಾರಾಟದಲ್ಲಿಯೇ ಬದಲಿಸಿ, ಹಿಂಭಾಗದ ಕ್ಯಾಬಿನ್ನಿನಲ್ಲಿ ಆಗುವ ವ್ಯತ್ಯಾಸವನ್ನು ಅಳೆದರು. ಆಘಾತಕೋಶದ ಶಬ್ದ ಇಳಿಯಿತು. ಮುಂದೆ ಬಂದ 787, 747-8 ವಿಮಾನಗಳ ಎಂಜಿನುಗಳಿಗೆ ಬಾಗದ, ಸ್ಥಿರವಾದ ಹಲ್ಲುಗಳೇ ಬಂದುವು. ಆದರೆ 2020ರಲ್ಲಿ ಮೊದಲು ಹಾರಿದ 777ಎಕ್ಸ್‌ನ ಎಂಜಿನುಗಳಲ್ಲಿ ಹಲ್ಲುಗಳಿಲ್ಲ. ಹಲ್ಲು ಕೆಲಸ ಮಾಡುವುದು ಧಾರೆಯನ್ನು ಕೆಣಕಿ. ಕೆಣಕಿದ ಧಾರೆ ನೂಕುಬಲದಲ್ಲಿ ಕಿಂಚಿತ್ತನ್ನು ಕಳೆದುಕೊಳ್ಳುತ್ತದೆ. ಈ ನಷ್ಟ ನೂರಕ್ಕೆ ಕಾಲು ಭಾಗದಷ್ಟೇ ಆದರೂ, ಇಪ್ಪತ್ತು ವರ್ಷ ದಿನವೂ ಹತ್ತಾರು ಗಂಟೆ ಹಾರುವ ವಿಮಾನದ ಲೆಕ್ಕದಲ್ಲಿ ಅದು ದೊಡ್ಡದಾಗುತ್ತದೆ. ಕೇಳುವ ಕಿವಿಗೂ ಇಂಧನದ ಬೆಲೆ ತೆರುವ ಕೈಗೂ ನಡುವಣ ಈ ವ್ಯಾಜ್ಯದಲ್ಲಿ, ಕಟ್ಟಳೆಯ ಬೆಂಬಲವಿಲ್ಲದ ಕಿವಿ ಸಾಮಾನ್ಯವಾಗಿ ಸೋಲುತ್ತದೆ.

ಇನ್ನೊಂದು ದಾರಿ ಫ್ಯಾನಿನ ಒತ್ತಡಾನುಪಾತವನ್ನೇ ಇಳಿಸುವುದು. ಇಲ್ಲಿ ಮೊದಲು ಹೇಳಿದ ನಿಯಮವನ್ನು ಪ್ರಯೋಗಿಸೋಣ. ಅನುಪಾತ 1.5 ಇದ್ದಾಗ ಪೂರ್ಣವಾಗಿ ಹಿಗ್ಗಿದ ಧಾರೆಯ ಮಾಕ್ ಸಂಖ್ಯೆ 1.19, ಅದರ ವರ್ಗದಿಂದ 1ನ್ನು ಕಳೆದರೆ 0.43, ಅದರ ವರ್ಗ 0.18. ಅನುಪಾತವನ್ನು 1.35ಕ್ಕೆ ಇಳಿಸಿದರೆ ಇದೇ ಮೊತ್ತ 0.055. ಮೂರುಪಟ್ಟಿಗಿಂತ ಹೆಚ್ಚಾದ ಈ ಇಳಿಕೆ ಸುಮಾರು 5 ಡೆಸಿಬೆಲ್‌ಗಳಾಯಿತು. ಲಾಭ ನಿಜ, ಆದರೆ ಶಬ್ದದ ಮೂಲ ಇನ್ನೂ ಅಳಿದಿಲ್ಲ. ಮೂತಿ ಕಟ್ಟಿಕೊಳ್ಳದೆ ಇರಬೇಕಾದರೆ ಅನುಪಾತ 1.89ನ್ನು 1.60ರಿಂದ ಭಾಗಿಸಿದಷ್ಟಕ್ಕೆ, ಎಂದರೆ 1.18ಕ್ಕೆ ಇಳಿಯಬೇಕು. ಅಷ್ಟು ಕಡಿಮೆ ಒತ್ತಡದಿಂದ ಸಾಕಷ್ಟು ನೂಕುಬಲವನ್ನು ಪಡೆಯಬೇಕಾದರೆ ಫ್ಯಾನೂ ಅದರ ಕವಚವೂ ರೆಕ್ಕೆಯ ಕೆಳಗೆ ಹಿಡಿಸದಷ್ಟು ದೊಡ್ಡದಾಗುತ್ತವೆ.

ಮೂಲದಲ್ಲಿ ತಡೆಯಲಾರದುದನ್ನು ಗೋಡೆಯಲ್ಲಿ ತಡೆಯಬೇಕು. ಗೋಡೆಯ ತೂಕ ಇಮ್ಮಡಿಯಾದರೆ ದಾಟಿಬರುವ ಶಬ್ದ 6 ಡೆಸಿಬೆಲ್‌ಗಳಷ್ಟು ಇಳಿಯುತ್ತದೆ. ಕಂಪನಾಂಕ ಇಮ್ಮಡಿಯಾದರೂ ಅಷ್ಟೇ ಇಳಿಯುತ್ತದೆ. ಚದರ ಮೀಟರಿಗೆ 4 ಕಿಲೋಗ್ರಾಮ್ ತೂಗುವ ಅಲ್ಯೂಮಿನಿಯಮ್ ತಗಡು ಈ ನಿಯಮದಂತೆ 1,000 ಹರ್ಟ್ಸ್‌ನ ಶಬ್ದವನ್ನು ಸುಮಾರು 25 ಡೆಸಿಬೆಲ್ ಕುಗ್ಗಿಸಿದರೆ, 100 ಹರ್ಟ್ಸ್‌ನದನ್ನು ಬರಿಯ 5 ಡೆಸಿಬೆಲ್ ಕುಗ್ಗಿಸೀತು. ತಗಡಿಗೂ ಒಳಗಣ ಅಲಂಕಾರದ ಹಲಗೆಗೂ ನಡುವೆ ಗಾಜಿನ ನಾರನ್ನು ತುಂಬುವುದರಿಂದ ಎತ್ತರದ ಸ್ವರಗಳು ಚೆನ್ನಾಗಿ ಅಡಗುತ್ತವೆ, ತಗ್ಗಿನ ಸ್ವರಗಳು ಜಗ್ಗುವುದಿಲ್ಲ. ಇಂಗಾಲದ ನಾರಿನಿಂದ ಮಾಡಿದ ಹೊಸ ಒಡಲುಗಳು ಹಗುರವೂ ಗಡುಸೂ ಆಗಿರುವುದರಿಂದ ಶಬ್ದವನ್ನು ಇನ್ನೂ ಸುಲಭವಾಗಿ ಒಳಬಿಡುವ ಒಲವುಳ್ಳವು. ಹೀಗಿರುವಲ್ಲಿ ಎಲ್ಲಿ ಯಾವ ಮೂಲ ಪ್ರಬಲವೆಂದು ತಿಳಿಯದೆ ತೂಕ ಸೇರಿಸುವುದು ವ್ಯರ್ಥ. ಹಿಂದಿನ ಸಾಲೊಂದರಲ್ಲಿ ಆಘಾತಕೋಶದ ಪಾಲು 78, ಸೀಮಾಸ್ತರದ ಪಾಲು 74 ಡೆಸಿಬೆಲ್ ಎಂದು ಇಟ್ಟುಕೊಳ್ಳಿ. ಎರಡೂ ಸೇರಿ 79.5. ಮೊದಲನೆಯದನ್ನು 5 ಡೆಸಿಬೆಲ್ ಇಳಿಸಿದರೆ ಒಟ್ಟು 76.5 ಆಗುತ್ತದೆ, 5ರ ಶ್ರಮಕ್ಕೆ 3ರ ಫಲ. ಅದೇ ಉಪಾಯವನ್ನು ಸೀಮಾಸ್ತರವೇ ಆಳುವ ಮುಂದಿನ ಸಾಲಿಗೆ ಹಚ್ಚಿದರೆ ಕಿವಿಗೆ ಏನೂ ತಿಳಿಯದು.

ಶಬ್ದಕ್ಕೆ ಪ್ರತಿಶಬ್ದವನ್ನು ಒಡ್ಡಿ ಅಳಿಸುವ ಯುಕ್ತಿಗೆ ಪಾಲ್ ಲುಯೆಗ್ ಎಂಬ ಜರ್ಮನನಿಗೆ 1936ರಲ್ಲಿಯೇ ಅಮೆರಿಕದ ಪೇಟೆಂಟ್ ದೊರೆತಿತ್ತು. ಪ್ರೊಪೆಲರ್ ವಿಮಾನಗಳ ಕ್ಯಾಬಿನ್ನಿನಲ್ಲಿ ಇದು ಫಲಿಸಿದೆ. ಅಲ್ಲಿಯ ಸದ್ದು ಕೆಲವೇ ನಿಯತ ಸ್ವರಗಳಿಂದ ಕೂಡಿದ್ದು, ಮುಂದಿನ ಕ್ಷಣದಲ್ಲಿ ಹೇಗಿರುವುದೆಂದು ಹೇಳಲು ಬರುವಂಥದು. ಆಘಾತಕೋಶದ ಹಾಗೂ ಸೀಮಾಸ್ತರದ ಸದ್ದಿಗೆ ಅಂಥ ನಿಯತಿಯಿಲ್ಲ. ಇಡೀ ಕ್ಯಾಬಿನ್ನನ್ನು ಅದರಿಂದ ಶಾಂತಗೊಳಿಸುವುದು ಅಶಕ್ಯಪ್ರಾಯ. ಕಿವಿಯ ಸುತ್ತಣ ಒಂದು ಹಿಡಿ ಗಾಳಿಯನ್ನಾದರೋ ಶಾಂತಗೊಳಿಸಬಹುದು. 1978ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ ಅಮರ್ ಬೋಸ್‌ರಿಗೆ ಹೊಳೆದ ಶಬ್ದನಾಶಕ ಕಿವಿಮುಚ್ಚಳ ಇಂದು ಮಾಮೂಲಾಗಿದೆ. ಪ್ರಯಾಣಿಕನಿಗೆ ಅದು ವರವೇ ಸರಿ. ಆದರೆ ಕರೆದರೆ ಓಗೊಡಬೇಕಾದ, ಎಂಜಿನಿನ ಸದ್ದಿನ ವ್ಯತ್ಯಾಸವನ್ನು ಗಮನಿಸಬೇಕಾದ ಪರಿಚಾರಕರು ಅದನ್ನು ಹಾಕಿಕೊಂಡು ಕೆಲಸ ಮಾಡುವಂತಿಲ್ಲ. ಕ್ಯಾಬಿನ್ನಿನ ಶಬ್ದ ಸಾಮಾನ್ಯವಾಗಿ 75ರಿಂದ 85 ಡೆಸಿಬೆಲ್‌ಗಳ ನಡುವೆ, ಕಾರ್ಖಾನೆಗಳಿಗೆ ಅಪಾಯದ ಗಡಿಯೆಂದು ಹೇಳುವ 85ರ ಈಚೆಗೇ ಇರುವುದರಿಂದ ಅದನ್ನು ಯಾರೂ ರೋಗಕಾರಕವೆನ್ನುವುದಿಲ್ಲ. ದಣಿವು ಮಾತ್ರ ದಿನವೂ ಬರುತ್ತದೆ. ನೆಲದ ಮೂರು ಸ್ಥಾನಗಳೊಡನೆ ಕ್ಯಾಬಿನ್ನಿನೊಳಗೂ ಒಂದು ಸ್ಥಾನವನ್ನು ಗೊತ್ತುಮಾಡಿ ಅಳೆದ ಅಂಕವನ್ನು ಪ್ರಕಟಿಸಬೇಕೆಂಬ ನಿಯಮವಾದರೂ ಇರತಕ್ಕದ್ದೆಂದು ಈ ಲೇಖಕನ ಅಭಿಪ್ರಾಯ.

ಮುಂದಿನ ಎಂಜಿನುಗಳ ವಿಷಯದಲ್ಲಿ ಈ ಮಾತಿಗೆ ಹೆಚ್ಚಿನ ಅರ್ಥ ಬರುತ್ತದೆ. 1.18ರ ಗಡಿಯನ್ನು ದಾಟಲು ಕವಚವೇ ಅಡ್ಡಿಯಾದರೆ ಕವಚವನ್ನು ಕಿತ್ತುಹಾಕಬಹುದಷ್ಟೆ! ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಕವಚವಿಲ್ಲದ ಫ್ಯಾನ್ 1986ರಲ್ಲಿ ಒಂದು ಬೋಯಿಂಗ್ 727ರ ಮೇಲೆಯೂ, ಮರುವರ್ಷ ಒಂದು ಎಂಡಿ-80ರ ಮೇಲೆಯೂ ಹಾರಿತ್ತು. ತೈಲದ ಬೆಲೆ ಇಳಿದೊಡನೆ ಅದರ ಮೇಲಣ ಆಸಕ್ತಿಯೂ ಇಳಿಯಿತು. ಸಿಎಫ್‌ಎಂ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ರೈಸ್ ಯೋಜನೆ ಅದೇ ಭಾವನೆಯನ್ನು ಹೊಸ ರೂಪದಲ್ಲಿ ಮೇಲೆತ್ತಿದೆ: ತಿರುಗುವ ಅಲಗುಗಳ ಒಂದು ಸಾಲು, ಅದರ ಹಿಂದೆ ತಿರುಗದ ಅಲಗುಗಳ ಇನ್ನೊಂದು ಸಾಲು. ಅಂಥ ಎಂಜಿನಿನಲ್ಲಿ ಫ್ಯಾನಿನ ಗಾಳಿಗೆ ಮೂತಿಯೇ ಇಲ್ಲ. ಕಟ್ಟಿಕೊಳ್ಳುವ ಪ್ರಶ್ನೆಯೂ ಇಲ್ಲ. ಫ್ಯಾನಿನ ಧಾರೆಯ ಆಘಾತಕೋಶ ಶಬ್ದ ಬೇರುಸಹಿತ ಹೋಗುತ್ತದೆ. ಅದರ ಸ್ಥಾನದಲ್ಲಿ ಅಲಗುಗಳ ನಿಯತ ಸ್ವರಗಳು, ಹೀರಿಕೊಳ್ಳುವ ಕವಚದ ತಡೆಯಿಲ್ಲದೆ, ನೇರವಾಗಿ ಒಡಲಿನ ಮೇಲೆ ಬೀಳುತ್ತವೆ. ಅವುಗಳಲ್ಲಿ ತಗ್ಗಿನವು ತಗಡಿನ ಗೋಡೆಯನ್ನು ಅತಿ ಸುಲಭವಾಗಿ ದಾಟುವ ಮೇಳದವು. ಅವು ನಿಯತವಾದ ಸ್ವರಗಳಾದುದರಿಂದ ಲುಯೆಗ್‌ನ ಪ್ರತಿಶಬ್ದದ ಯುಕ್ತಿ ಇಲ್ಲಿ ಮರಳಿ ಉಪಯೋಗಕ್ಕೆ ಬರಬಹುದು. ಅಲಗುಗಳ ಸಂಖ್ಯೆ, ಅವುಗಳ ತುದಿಯ ವೇಗ, ಒಡಲಿನಿಂದ ಅವುಗಳಿಗಿರುವ ದೂರ ಈ ಮೂರನ್ನು ಗೊತ್ತುಮಾಡುವಾಗಲೇ ಸಮಗತಿ ಹಾರಾಟದ ಶಬ್ದವನ್ನೂ ಎಣಿಕೆಗೆ ತೆಗೆದುಕೊಳ್ಳಬೇಕಾಗುತ್ತದೆ. ಎಂಜಿನನ್ನು ರೆಕ್ಕೆಗೆ ತೊಡಿಸಿದ ಮೇಲೆ ಇವುಗಳಲ್ಲಿ ಒಂದನ್ನೂ ಬದಲಿಸಲು ಬರುವುದಿಲ್ಲ.